ಕರೆಂಟು ಹೋದರೂ ನಿಲ್ಲದ ವಾದ್ಯಗೋಷ್ಠಿ

ಗಣಪತಿ ಹಬ್ಬಕ್ಕೆ ಇನ್ನೂ ಒಂದು ತಿಂಗಳಿರುವಾಗಲೇ ಪೇಟೆ ಬೀದಿಯ ಅಂಗಡಿ ಕಟ್ಟೆಗೆ ರಶೀದಿ ಪುಸ್ತಕ ಬರುತ್ತದೆ. ಗಲ್ಲಾಪೆಟ್ಟಿಗೆಗೆ ಕೈ ಹಾಕುವ ಮೊದಲು ವರ್ತಕರು ಕೇಳುವುದು ಒಂದೇ ಪ್ರಶ್ನೆ: "ಈ ಸಲ ಆರ್ಕೆಸ್ಟ್ರಾ ಇದೆಯೋ ಇಲ್ವೋ?"

"ಇದೆ ಸಾರ್, ಗ್ರ್ಯಾಂಡಾಗಿದೆ" ಅಂದರೆ ನೂರು ಕೊಡುವವರು ಇನ್ನೂರು ಕೊಟ್ಟಾರು. ಆದರೆ ಹಬ್ಬದ ದಿನ ಪೆಂಡಾಲಿನ ಮುಂದೆ ಹೋಗಿ ನಿಂತರೆ ಕಾಣುವುದೇನು? ಹಾಡುವವರು ಇಬ್ಬರು, ಬಣ್ಣದ ದೀಪ ಇಪ್ಪತ್ತು, ವಾದ್ಯದವರು ಸೊನ್ನೆ. ಪಿಟೀಲು, ಕೊಳಲು, ತಬಲಾ ಎಲ್ಲವೂ ಹೆಬ್ಬೆರಳಿನಷ್ಟು ಪೆನ್‌ಡ್ರೈವಿನೊಳಗೆ! ಕರೆಂಟು ಹೋಯಿತೋ, ಗಾಯಕ ಬಾಯಿ ತೆರೆದುಕೊಂಡೇ ನಿಲ್ಲಬೇಕು.

ಇಷ್ಟಾದರೂ ಹಳೇ ಪದ್ಧತಿ ಪೂರ್ತಿ ಸತ್ತಿಲ್ಲ. ಒಂದು ಗಿಟಾರು, ಒಂದು ಹಾರ್ಮೋನಿಯಂ, ತಬಲಾ, ಕೊಳಲು, ಎರಡು ಕಂಠ. ಇಷ್ಟನ್ನೇ ನಂಬಿಕೊಂಡು ಹಳೆಯ ಚಿತ್ರಗೀತೆ, ಭಾವಗೀತೆ ನುಡಿಸುವ ಚಿಕ್ಕ ಚಿಕ್ಕ ತಂಡಗಳು ಊರೂರಲ್ಲಿ ಹುಟ್ಟುತ್ತವೆ, ಮುರಿಯುತ್ತವೆ, ಮತ್ತೆ ಹುಟ್ಟುತ್ತವೆ. ಇಂಥ ತಂಡ ಕೂಡಿಕೊಳ್ಳುವ ಬಗೆಯೇ ಒಂದು ಸ್ವಾರಸ್ಯ.

ಮೊದಲು ಬೇಕಾದ್ದು ಕೋಣೆ

ಒಳ್ಳೆ ಕಂಠ ಸಿಕ್ಕಿಬಿಟ್ಟರೆ ತಂಡ ಆಯಿತು ಎಂದು ತಿಳಿದವರೇ ಹೆಚ್ಚು. ಅದು ಸುಳ್ಳು. ಕಂಠ ಬೀದಿಗೆ ಎರಡು ಸಿಗುತ್ತವೆ. ಸಿಗದೇ ಇರೋದು ತಾಲೀಮಿಗೆ ಒಂದು ಕೋಣೆ. ದರ್ಜಿ ಅಂಗಡಿಯ ಹಿಂಭಾಗವೋ, ಭಜನಾ ಮಂದಿರದ ಜಗಲಿಯೋ, ಭಾನುವಾರ ಬೀಗ ತೆಗೆಸಿಕೊಂಡ ಶಾಲೆಯ ಕೊಠಡಿಯೋ ಗೊತ್ತಾದ ಮೇಲೆಯೇ ಉಳಿದ ಮಾತು. ಬಾಗಿಲು ಎಳೆದ ಅಂಗಡಿಯವನು, ಕೆಲಸ ಬಿಟ್ಟ ಗುಮಾಸ್ತ, ಡ್ಯೂಟಿ ಇಳಿದ ಕಂಡಕ್ಟರ್ ಹೀಗೆ ಒಬ್ಬೊಬ್ಬರಾಗಿ ಅಲ್ಲಿಗೆ ಬರುತ್ತಾರೆ.

ಕೈ ಪಳಗಿದ ಜಾಗ ಒಬ್ಬೊಬ್ಬರದು ಒಂದೊಂದು. ತಬಲಾದವನು ಶನಿವಾರದ ಭಜನೆಯಿಂದ ಬರುತ್ತಾನೆ. ಗಿಟಾರಿನವನು ಎಷ್ಟೋ ಊರಲ್ಲಿ ಇಗರ್ಜಿಯ ಹಾಡಿನ ಗುಂಪಿನವನು. ಹಾರ್ಮೋನಿಯಂ ಮೇಷ್ಟ್ರು ನಾಟಕದವರ ಪೈಕಿ. ಡ್ರಮ್ಮಿನ ಹುಡುಗ ಮದುವೆ ದಿಬ್ಬಣದ ಬ್ಯಾಂಡಿನವನು. ಬೇರೆ ದಿನಗಳಲ್ಲಿ ಒಬ್ಬರ ಮನೆಗೊಬ್ಬರು ಹೋಗುತ್ತಿದ್ದರೋ ಇಲ್ಲವೋ, ತಾಲೀಮಿನ ಕೋಣೆಯಲ್ಲಿ ಮಾತ್ರ ಒಂದೇ ಫ್ಲಾಸ್ಕಿನ ಚಹಾ.

ಹೊಟ್ಟೆಪಾಡಿಗೆ ಒಂದು ಕಸುಬು, ಸಂಜೆಗೆ ಹಾಡು ಅಂದರೆ ಕೆಲವರಿಗೆ ತಾತ್ಸಾರ. ಅಂಥವರಿಗೆ ಒಂದು ಮಾತು ನೆನಪಿಸಬೇಕು. ಶಿವಮೊಗ್ಗ ಸುಬ್ಬಣ್ಣ ವಕೀಲರಾಗಿದ್ದರು. 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದರು. ಸಿ. ಅಶ್ವತ್ಥ್ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ನೌಕರಿ ಮಾಡಿಕೊಂಡೇ ಹಾಡಿಗೆ ರಾಗ ಹಾಕಿದವರು.

ಇನ್ನೊಬ್ಬರ ಹಾಡು ಹಾಡೋದರಲ್ಲೇನು ಹೆಚ್ಚುಗಾರಿಕೆ ಎಂದು ಕೇಳುವವರೂ ಇದ್ದಾರೆ. ಪಿ. ಕಾಳಿಂಗರಾವ್ (1914–1981) ಅವರು ಮೋಹನಕುಮಾರಿ, ಸೋಹನಕುಮಾರಿ ಅವರೊಂದಿಗೆ ಹಾಡಿಕೊಂಡು ಬಂದದ್ದು ಬೇಂದ್ರೆ, ಕುವೆಂಪು ಮುಂತಾದವರ ಕವಿತೆಗಳನ್ನೇ. ಪುಸ್ತಕ ಬಿಚ್ಚದ ಜನರ ಕಿವಿಗೂ ಕವಿತೆ ಬಿದ್ದದ್ದು ಹಾಗೆ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ ಬಂದ ಮೇಲಂತೂ ಕ್ಯಾಸೆಟ್ಟೇ ಮೇಷ್ಟ್ರಾಯಿತು. ಹಿಂದಕ್ಕೆ ಸುತ್ತು, ಮುಂದಕ್ಕೆ ಸುತ್ತು, ಪೆನ್ಸಿಲ್ ತೂರಿಸಿ ಮತ್ತೆ ಸುತ್ತು. ಇವತ್ತು ಆ ಕೆಲಸ ಮೊಬೈಲಿನಲ್ಲಿ ನಡೆಯುತ್ತಿದೆ, ಅಷ್ಟೇ ವ್ಯತ್ಯಾಸ.

ಶ್ರುತಿಯ ಜಗಳ

ಮೊದಲ ಜಗಳ ಹತ್ತುವುದು ಯಾವ ಹಾಡು ಎಂಬುದಕ್ಕಲ್ಲ, ಯಾವ ಶ್ರುತಿ ಎಂಬುದಕ್ಕೆ. ಪಿ.ಬಿ. ಶ್ರೀನಿವಾಸ್ ಹಾಡಿದ ಮಂದ್ರದ ಹಾಡು ಒಬ್ಬನಿಗೆ ಒಗ್ಗುತ್ತದೆ, ಎಸ್.ಪಿ.ಬಿ. ಏರಿದ ಎತ್ತರಕ್ಕೆ ಅವನ ಗಂಟಲು ಹೋಗುವುದಿಲ್ಲ. ಜಾನಕಿಯಮ್ಮನ ಹಾಡು ಹಾಡುವ ಹುಡುಗಿಗೆ ಬೇರೆಯದೇ ಮನೆ ಬೇಕು. "ಬಿಳಿ ಒಂದು ಸಾಕಪ್ಪಾ" ಎಂದು ಇವನು, "ಕಪ್ಪು ಒಂದಾದರೂ ಇಡಿ" ಎಂದು ಅವನು.

ಹಾರ್ಮೋನಿಯಂನವರಿಗೆ ಕಷ್ಟವಿಲ್ಲ, ಬೆರಳು ಪಕ್ಕದ ಮನೆಗೆ ಹೋಗುತ್ತದೆ. ಗಿಟಾರಿನವನು ಕುತ್ತಿಗೆಗೆ ಒಂದು ಕ್ಲಿಪ್ಪು ಬಿಗಿದು ಏರಿಸಿಕೊಳ್ಳುತ್ತಾನೆ. ಫಜೀತಿ ತಬಲಾದವನಿಗೆ. ಒಂದು ಬಲಗೈ ತಬಲಾ ಸುತ್ತಿಗೆಯಿಂದ ತಟ್ಟಿ ಏರಿಸಿ ಇಳಿಸಿದರೂ ಒಂದೆರಡು ಸ್ವರದ ಆಚೆ ಹೋಗದು. ಕೊಳಲಿನವನಿಗೋ ಶ್ರುತಿಗೊಂದು ಬಿದಿರು. ಅವನ ಚೀಲ ನೋಡಿದರೆ ಕಬ್ಬಿನ ಹೊರೆ. ಹಾಗಾಗಿ ನುರಿತ ತಂಡದವರು ಅಕ್ಕಪಕ್ಕದ ಶ್ರುತಿಯ ಹಾಡುಗಳನ್ನು ಒಟ್ಟಿಗೆ ಇಟ್ಟು ಪಟ್ಟಿ ಬರೆಯುತ್ತಾರೆ. ಕೇಳುವವರಿಗೆ ಇದು ತಿಳಿಯುವುದೇ ಇಲ್ಲ. ತಿಳಿಯದಿದ್ದರೆ ಅದೇ ಗೆಲುವು.

ಎರಡನೇ ತಲೆನೋವು ನಡುವಿನ ವಾದ್ಯದ ತುಣುಕು. ರಾಜನ್–ನಾಗೇಂದ್ರ, ಜಿ.ಕೆ. ವೆಂಕಟೇಶ್ ಕಾಲದ ಹಾಡುಗಳು ಹೆಚ್ಚಾಗಿ ಮುದ್ರಣವಾದದ್ದು ಮದರಾಸಿನ ಸ್ಟುಡಿಯೋಗಳಲ್ಲಿ, ಸಾಲುಸಾಲು ಪಿಟೀಲಿನವರನ್ನು ಕೂರಿಸಿ. ನಾಲ್ಕು ಜನ ಅದನ್ನೆಲ್ಲ ಎಲ್ಲಿಂದ ತಂದಾರು? ಬಿಟ್ಟರೂ ಆಗದು. ಬಸ್ಸಿನ ಸೀಟಿನಲ್ಲಿ ಕೂತು ಗುನುಗುವವನಿಗೂ ಪಲ್ಲವಿಯ ಜೊತೆ ಆ ತುಣುಕು ಬಾಯಿಪಾಠ. ಕೊನೆಗೆ ಪಿಟೀಲಿನ ಭಾಗ ಹಾರ್ಮೋನಿಯಂಗೆ, ಸಿತಾರಿನ ಭಾಗ ಗಿಟಾರಿಗೆ, ಮಿಕ್ಕದ್ದು ಕೊಳಲಿಗೆ ಎಂದು ಹಂಚುತ್ತಾರೆ. ಯಾವುದನ್ನು ಬಿಡಬೇಕೆಂದು ಗೊತ್ತಾಗುವ ಹೊತ್ತಿಗೆ ಆರು ತಾಲೀಮು ಮುಗಿದಿರುತ್ತದೆ.

ಕೊನೇ ಬಸ್ಸು

ತಾಲೀಮಿನ ವೇಳೆ ಗೊತ್ತುಮಾಡುವುದು ಗಡಿಯಾರವಲ್ಲ, ಬಸ್ಸು. ಪಕ್ಕದ ಹಳ್ಳಿಯಿಂದ ಬರುವ ಗಾಯಕಿ ಕೊನೇ ಬಸ್ಸಿಗೆ ಹತ್ತಲೇಬೇಕು. 2023ರ ಜೂನ್‌ನಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಚಿಂತೆ ತಪ್ಪಿದೆ, ನಿಜ. ಆದರೆ ಬಸ್ಸು ತಪ್ಪಿದರೆ ಮನೆಯವರ ಮುಖ ನೋಡಬೇಕಲ್ಲ! "ಇನ್ನೊಂದೇ ಸಲ" ಎಂದು ಅವಳನ್ನು ನಿಲ್ಲಿಸಿಕೊಂಡ ತಂಡಕ್ಕೆ ಮುಂದಿನ ವಾರ ಗಾಯಕಿ ಇರುವುದಿಲ್ಲ. ಅವಳ ಹಾಡುಗಳನ್ನೇ ಮೊದಲು ಮುಗಿಸಿ, ಒಬ್ಬರು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಹತ್ತಿಸಿ ಬರುವ ತಂಡಗಳೇ ವರ್ಷಗಟ್ಟಲೆ ಬಾಳಿವೆ.

ಲೆಕ್ಕ ಪಕ್ಕಾ ಇರಲಿ

ಶ್ರುತಿಯ ಜಗಳದಿಂದ ಮುರಿದ ತಂಡಗಳು ಕಡಿಮೆ. ಮುರಿಯುವುದು ದುಡ್ಡಿನಿಂದ.

ಒಂದು ಕಾರ್ಯಕ್ರಮ ಹತ್ತು ಸಾವಿರಕ್ಕೆ ಒಪ್ಪಿದರು ಅನ್ನಿ. ವ್ಯಾನಿಗೆ 2,500, ಮೈಕ್ ಸೆಟ್ಟಿಗೆ 3,500 ಹೋದರೆ ಉಳಿಯುವುದು 4,000. ಐದು ಜನಕ್ಕೆ ತಲಾ 800. ಅಷ್ಟರಲ್ಲೇ ತಬಲಾದ ಚರ್ಮ ಹೋಗಿದ್ದರೆ ಹೊಸದು ಹಾಕಿಸಬೇಕು, ಗಿಟಾರಿನ ತಂತಿ ತರಬೇಕು. ಈ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದು ಅದೇ ರಾತ್ರಿ ಎಲ್ಲರ ಎದುರು ಓದಿದರೆ ತಕರಾರಿಲ್ಲ. "ನಾಳೆ ನೋಡೋಣ" ಅಂದ ದಿನವೇ ತಂಡಕ್ಕೆ ಬಿರುಕು.

ಪೆನ್‌ಡ್ರೈವು ಗೆದ್ದದ್ದೂ ಇದೇ ಲೆಕ್ಕದಲ್ಲಿ. ಮೊದಲು ಕೀಬೋರ್ಡ್ ಬಂತು, ಪಿಟೀಲಿನವರು ಮನೆಗೆ ಹೋದರು. ರಿದಂ ಪ್ಯಾಡ್ ಬಂತು, ತಬಲಾದವನ ಕುರ್ಚಿ ಅಲ್ಲಾಡಿತು. ಕರೋಕೆ ಬಂದಾಗ ಕೀಬೋರ್ಡಿನವನೂ ಇಳಿದ. ಪೆನ್‌ಡ್ರೈವಿಗೆ ಊಟವಿಲ್ಲ, ಬಸ್ ಚಾರ್ಜಿಲ್ಲ, ಪಾಲು ಕೇಳೋದಿಲ್ಲ. ಸಂಘಟಕರಿಗೆ ಉಳಿತಾಯ ಕಂಡಿತು. ಬೀದಿಯಲ್ಲಿ ತಬಲಾ ಕಲಿಯುವ ಹುಡುಗನಿಗೆ ಮುಂದೆ ಎಲ್ಲಿ ಬಾರಿಸಲಿ ಎಂಬುದೇ ಕಾಣದಾಯಿತು.

ಆದರೆ ಒಂದು ವ್ಯತ್ಯಾಸವನ್ನು ಕೇಳುಗರೇ ಬಲ್ಲರು. ಹಾಡುವವಳು ಚರಣ ಮರೆತು ತಡವರಿಸಿದರೆ ತಬಲಾದವನು ಇನ್ನೊಂದು ಸುತ್ತು ಹಾಕಿ ಕಾಯುತ್ತಾನೆ, ಹಾರ್ಮೋನಿಯಂನವನು ಸ್ವರ ಹಿಡಿದು ನೆನಪು ಮಾಡುತ್ತಾನೆ. ಪೆನ್‌ಡ್ರೈವು ಕಾಯುವುದಿಲ್ಲ.

ಕಾನೂನು ಏನನ್ನುತ್ತದೆ?

ಹಾಡು ಯಾರದೋ, ಹಾಡುವವರು ಯಾರೋ. ಕಾಸು ಕಟ್ಟಬೇಕೇ ಎಂಬ ಅಂಜಿಕೆ ಹೊಸ ತಂಡಗಳಿಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮಿನಲ್ಲಿ ಕೆಲವು ವಿನಾಯಿತಿಗಳಿವೆ. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಹಾಡಿದರೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಹಾಡಿದರೆ ಅಡ್ಡಿಯಿಲ್ಲ. ಮದುವೆ, ದಿಬ್ಬಣದ ಸಮಾರಂಭಕ್ಕೂ ವಿನಾಯಿತಿ ಉಂಟು. ಟಿಕೆಟ್ ಇಟ್ಟ ಪ್ರದರ್ಶನ, ಹೋಟೆಲಿನ ವ್ಯಾಪಾರದ ಸಂಜೆ ಇವಕ್ಕೆ ಮಾತ್ರ ಹಕ್ಕುದಾರರ ಪರವಾನಗಿ ಬೇಕು.

ಶಬ್ದದ ನಿಯಮ ಬೇರೆ. 2000ನೇ ಇಸವಿಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಕೂಡದು. ಹಬ್ಬದ ಸಂದರ್ಭಕ್ಕೆ ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ 12ರವರೆಗೆ ಸಡಿಲಿಸಬಹುದು. ಮೈಕ್ ಇಲ್ಲವಲ್ಲ ಎಂದು ನಡುರಾತ್ರಿ ಬೀದಿಯಲ್ಲಿ ಬಾರಿಸುವಂತೆಯೂ ಇಲ್ಲ. ವಾದ್ಯಕ್ಕೂ ನಿಯಮ ಅನ್ವಯ. ಕಲ್ಯಾಣ ಮಂಟಪದಂಥ ಮುಚ್ಚಿದ ಜಾಗದ ಮಾತು ಬೇರೆ.

ಚಂದಾ ಕೊಡುವವರಿಗೆ

ಇಷ್ಟೆಲ್ಲ ತಾಪತ್ರಯದ ನಡುವೆ ಈ ಹುಡುಗರು ಯಾಕೆ ಕೂಡುತ್ತಾರೆ ಎಂದರೆ ಉತ್ತರ ತಾಲೀಮಿನ ಕೋಣೆಯಲ್ಲಿದೆ. ಮೂರು ವಾರ ತಪ್ಪುತ್ತಿದ್ದ ಜಾಗದಲ್ಲಿ ಒಂದು ಸಂಜೆ ಐದೂ ಜನ ಒಟ್ಟಿಗೆ ಸಮಕ್ಕೆ ಬಂದು ನಿಲ್ಲುತ್ತಾರೆ. ಯಾರೂ ಮಾತಾಡೋದಿಲ್ಲ. ಒಬ್ಬ ಎದ್ದು ಚಹಾ ಬಗ್ಗಿಸುತ್ತಾನೆ. ತಂಡ ಆಯಿತು ಎನ್ನುವುದು ಆವತ್ತು.

ಈ ತಂಡ ಉಳಿಯುವುದು ಬಿಡುವುದು ಬಹುಮಟ್ಟಿಗೆ ಪೇಟೆಯವರ ಕೈಯಲ್ಲಿದೆ. ಮುಂದಿನ ಸಲ ರಶೀದಿ ಪುಸ್ತಕ ಬಂದಾಗ "ಆರ್ಕೆಸ್ಟ್ರಾ ಇದೆಯಾ" ಎಂದಷ್ಟೇ ಕೇಳಿ ಸುಮ್ಮನಾಗಬೇಡಿ ಸ್ವಾಮಿ. "ತಬಲಾ ಯಾರು ಬಾರಿಸ್ತಾರಪ್ಪಾ?" ಎಂದೂ ಕೇಳಿ. ಒಂದು ಹೆಸರು ಹೇಳಿದರೆ ಧಾರಾಳವಾಗಿ ಬರೆಯಿರಿ.