ಸರಕಿನ ಮೇಲೆ ಕೂತವರು

2025ರ ಜನವರಿ 22ರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಲಾರಿಯೊಂದು ಯಲ್ಲಾಪುರ ತಾಲ್ಲೂಕಿನ ಅರಬೈಲ್ ಘಟ್ಟದಲ್ಲಿ, ಗುಳ್ಳಾಪುರದ ಬಳಿ, ಕಂದಕಕ್ಕೆ ಉರುಳಿತು. ಹತ್ತು ಮಂದಿ ತೀರಿಕೊಂಡರು. ಇನ್ನೊಂದು ವಾಹನಕ್ಕೆ ಸೈಡ್ ಕೊಡಲು ಹೋಗಿ ಚಾಲಕನ ನಿಯಂತ್ರಣ ತಪ್ಪಿತೆಂದು ವರದಿಯಾಯಿತು. ಲಾರಿಯಲ್ಲಿದ್ದವರು ಹಣ್ಣು, ತರಕಾರಿ ಮಾರುವವರು. ತಮ್ಮ ಸರಕಿನ ಜೊತೆಗೇ ಸಂತೆಗೆ ಹೊರಟಿದ್ದರು.

ಇಂಥ ಸುದ್ದಿ ಬಂದಾಗಲೆಲ್ಲ ನಾವು ಚಾಲಕನ ನಿದ್ದೆಯನ್ನೋ ವೇಗವನ್ನೋ ದೂರುತ್ತೇವೆ. ಅದರಲ್ಲಿ ಸುಳ್ಳಿಲ್ಲ. ಆದರೆ ಗಾಡಿ ಎಷ್ಟು ಸುಲಭವಾಗಿ ಮಗುಚುತ್ತದೆ ಎಂಬುದರ ಅರ್ಧ ಲೆಕ್ಕ ಸರಕು ಹೇರಿದಾಗಲೇ ಮುಗಿದಿರುತ್ತದೆ. ಎಡ, ಬಲ ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ತಿರುವಿನಲ್ಲಿ ಹೊರಕ್ಕೆ ತಳ್ಳುವ ಬಲ ಗಾಡಿಯ ಭಾರದ ಎಷ್ಟು ಪಟ್ಟಾದರೆ ಅದು ಮಗುಚುತ್ತದೆ ಎಂಬುದನ್ನು ಈ ಉತ್ತರ ಹೇಳುತ್ತದೆ. ಸಾಮಾನ್ಯ ಕಾರಿಗೆ ಉತ್ತರ ಸುಮಾರು 1.3ರಿಂದ 1.5 ಬರುತ್ತದೆ, ಎತ್ತರದ ಜೀಪಿನಂಥ ಗಾಡಿಗಳಿಗೆ ಅದಕ್ಕಿಂತ ಕಡಿಮೆ. ಎತ್ತರಕ್ಕೆ ಹೇರಿದ ಲಾರಿ ಮಾತ್ರ, ಸ್ಪ್ರಿಂಗು, ಟೈರುಗಳ ಬಾಗುವಿಕೆಯೂ ಸೇರಿದರೆ, 0.4ರ ಆಸುಪಾಸಿನಲ್ಲೇ ಮಗುಚಬಲ್ಲದು. ಅಂದರೆ 50 ಮೀಟರ್ ತ್ರಿಜ್ಯದ ಸಮತಟ್ಟು ತಿರುವಿನಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗವೇ ಅದಕ್ಕೆ ಮಿತಿ. ಅದೇ ತಿರುವಿನಲ್ಲಿ ಕಾರಿನ ಟೈರು ಮೊದಲು ಜಾರುತ್ತದೆ, ಕಾರು ಮಗುಚುವುದಿಲ್ಲ. ವೇಗ ಇಮ್ಮಡಿಯಾದರೆ ಹೊರಕ್ಕೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿ.

ಲೋಡಿನ ಮೇಲೆ ಇಪ್ಪತ್ತು ಜನ ಹತ್ತಿ ಕೂತರೆ ಒಂದು ಟನ್ನಿಗೂ ಹೆಚ್ಚಿನ ಭಾರ ಎಲ್ಲಕ್ಕಿಂತ ಎತ್ತರದಲ್ಲಿ ಕೂತಂತೆ. ತಿರುವಿನಲ್ಲಿ ಎಲ್ಲರೂ ಒಂದೇ ಕಡೆ ವಾಲುತ್ತಾರೆ, ಕಟ್ಟದ ಚೀಲಗಳೂ ಅತ್ತಲೇ ಜಾರುತ್ತವೆ. ಅರ್ಧ ತುಂಬಿದ ಟ್ಯಾಂಕರಿನ ಅಪಾಯವೂ ಇದೇ ಬಗೆಯದು. ಒಳಗಿನ ದ್ರವ ತಿರುವಿನ ಹೊರಬದಿಗೆ ನುಗ್ಗುತ್ತದೆ. ಇನ್ನು ನೇರ ರಸ್ತೆಯಲ್ಲೂ ಗಾಡಿ ಮಗುಚುವುದುಂಟು. ಚಕ್ರ ಡಾಂಬರಿನ ಅಂಚು ಬಿಟ್ಟು ಮೆತ್ತನೆ ಮಣ್ಣಿಗೆ ಇಳಿದಾಗ ಚಾಲಕ ಗಾಬರಿಯಿಂದ ಸ್ಟೇರಿಂಗ್ ಎಳೆಯುತ್ತಾನೆ; ಚಕ್ರ ಮಣ್ಣಿನಲ್ಲಿ ಹೂತು ಮುಗ್ಗರಿಸುತ್ತದೆ. ರಸ್ತೆಯ ಬದಿಗೆ ಮಣ್ಣು ತುಂಬದ ಗುತ್ತಿಗೆದಾರನ ಹೆಸರು ಎಫ್‌ಐಆರ್‌ನಲ್ಲಿ ಬರುವುದು ಅಪರೂಪ ಎಂಬುದು ಬೇರೆ ಮಾತು.

ಎಲ್ಲಿ ಕೂತಿದ್ದರು ಎಂಬ ಪ್ರಶ್ನೆ ನ್ಯಾಯಾಲಯದಲ್ಲೂ ಎದುರಾಗುತ್ತದೆ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಕೊಂಡು ಹೋದವರ ಹೊಣೆ ವಿಮಾ ಕಂಪನಿಯದಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮದುವೆ ದಿಬ್ಬಣದವರು ಟೆಂಪೊ ಹತ್ತಿದರೆ ಸಿಕ್ಕಿಬೀಳುವುದು ಇಲ್ಲಿಯೇ. ಮೋಟಾರು ವಾಹನ ಕಾಯ್ದೆಯ 1994ರ ತಿದ್ದುಪಡಿಯ ನಂತರ ಸರಕಿನ ಮಾಲೀಕನಿಗೆ ಅಥವಾ ಅವನ ಪ್ರತಿನಿಧಿಗೆ ರಕ್ಷಣೆಯುಂಟು. ಆದರೆ ಅವನೂ ಕ್ಯಾಬಿನ್ನಿನಲ್ಲಿ ಕೂತಿರಬೇಕು, ಸರಕಿನ ಜೊತೆಯಲ್ಲಲ್ಲ ಎಂಬುದು ಚೊಳ್ಳೇಟಿ ಭಾರತಮ್ಮ ಪ್ರಕರಣದ ತೀರ್ಪು. ಬಸ್ಸಿಲ್ಲದ ಹೊತ್ತಿನಲ್ಲಿ ಸಂತೆ ಮುಟ್ಟಬೇಕಾದವರಿಗೆ ಕ್ಯಾಬಿನ್ನಿನಲ್ಲಿ ಎಷ್ಟು ಸೀಟು ಇರುತ್ತದೆ? ಕಾನೂನು ಇಲ್ಲಿ ಕಟುವಾಗಿದೆ ಎಂದೇ ನನ್ನ ಅನಿಸಿಕೆ. ಮೊದಲು ಕಂಪನಿ ಹಣ ಕೊಡಲಿ, ಆಮೇಲೆ ವಾಹನದ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟುಗಳು ಕೆಲವೊಮ್ಮೆ ಆದೇಶಿಸಿದ್ದುಂಟು. ಹಾಗಾಗಿ ಪರಿಹಾರದ ಅರ್ಜಿಯಲ್ಲಿ ಆ ಬೇಡಿಕೆಯನ್ನು ಬಿಡದೆ ಸೇರಿಸಬೇಕು. ಕಂಪನಿ ಕೈತೊಳೆದುಕೊಂಡರೂ ಮಾಲೀಕನ ಹೊಣೆ ಅಲ್ಲಿಗೇ ಮುಗಿಯುವುದಿಲ್ಲ.

ಎದುರಿಗೆ ಬೇರೆ ಗಾಡಿಯೇ ಇಲ್ಲದೆ ಮಗುಚಿದರೆ ತಪ್ಪು ಯಾರದೆಂದು ಸಾಬೀತು ಮಾಡುವುದು ಹೇಗೆ ಎಂದು ಹಲವರು ಹಿಂಜರಿಯುತ್ತಾರೆ. ರಸ್ತೆ ಬಿಟ್ಟು ಉರುಳಿದ ವಾಹನ ತಾನೇ ಸಾಕ್ಷಿ ನುಡಿಯುತ್ತದೆ, ಅಜಾಗರೂಕತೆ ಇರಲಿಲ್ಲವೆಂದು ತೋರಿಸುವ ಭಾರ ಚಾಲಕ, ಮಾಲೀಕರದು ಎಂಬ ತತ್ವವನ್ನು ಪುಷ್ಪಾಬಾಯಿ ಉದೇಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರಲ್ಲೇ ಅನ್ವಯಿಸಿತ್ತು. ತಪ್ಪಿನ ಚರ್ಚೆಯೇ ಬೇಡವೆನ್ನುವವರಿಗೆ ಮೋಟಾರು ವಾಹನ ಕಾಯ್ದೆಯ 164ನೇ ಕಲಂ ಇದೆ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ. ಅವಸರದಲ್ಲಿ ಇದಕ್ಕೆ ಒಪ್ಪುವ ಮುಂಚೆ, ತಪ್ಪು ತೋರಿಸಿ ಪರಿಹಾರ ಕೇಳುವ 166ನೇ ಕಲಮಿನ ಲೆಕ್ಕ ಹಾಕಿ ನೋಡಿ. ತಿಂಗಳಿಗೆ 15,000 ದುಡಿಯುತ್ತಿದ್ದ, 32 ವರ್ಷದ, ನಾಲ್ವರು ಅವಲಂಬಿತರಿದ್ದ ವ್ಯಾಪಾರಿ ತೀರಿಕೊಂಡ ಎನ್ನಿ. ಮುಂದಿನ ಏಳಿಗೆಗೆಂದು ಶೇ 40 ಸೇರಿಸಿದರೆ 21,000, ವರ್ಷಕ್ಕೆ 2,52,000. ಅವನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 1,89,000. ಆ ವಯಸ್ಸಿನ ಗುಣಕ 16, ಒಟ್ಟು 30,24,000. ಈ ಸೂತ್ರ ಸರಳಾ ವರ್ಮಾ, ಪ್ರಣಯ್ ಸೇಠಿ ತೀರ್ಪುಗಳಿಂದ ಬಂದದ್ದು. ಇದರ ಬುಡ ಇರುವುದು ಆದಾಯದ ಪುರಾವೆಯಲ್ಲಿ: ಎಪಿಎಂಸಿ ಚೀಟಿ, ಬ್ಯಾಂಕ್ ಪಾಸ್‌ಬುಕ್, ಫೋನಿನಲ್ಲಿ ಬಂದ ಹಣದ ದಾಖಲೆ. ಅವಿಲ್ಲದಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಊಹೆಯ ಆದಾಯವನ್ನು ಹಿಡಿಯುತ್ತದೆ.

ಸರ್ಕಾರ ಘೋಷಿಸುವ ಪರಿಹಾರ ಪಡೆದರೆ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳುವ ಹಕ್ಕು ಕಳೆದುಹೋಗದು. ಅಪಘಾತ ಘಟ್ಟದಲ್ಲಾದರೂ ಅರ್ಜಿಯನ್ನು ನಿಮ್ಮ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಬಹುದು. ಕಾಯ್ದೆ ಆರು ತಿಂಗಳ ಗಡುವು ಇಟ್ಟಿದೆ; ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಆದರೂ ತಡಮಾಡಬೇಡಿ. ಎಫ್‌ಐಆರ್, ಮಹಜರು, ವಿಮಾ ಪಾಲಿಸಿಯ ಪ್ರತಿಗಳ ಜೊತೆಗೆ, ಯಾರು ಎಲ್ಲಿ ಕೂತಿದ್ದರೆಂಬ ಹೇಳಿಕೆ ಸರಿಯಾಗಿ ದಾಖಲಾಗಿದೆಯೇ ನೋಡಿಕೊಳ್ಳಿ. ಬಂದ ಪರಿಹಾರದಲ್ಲಿ ಇಷ್ಟು ಪಾಲು ನನಗೆ ಎನ್ನುವ ಮಧ್ಯವರ್ತಿಗಳು ಆಸ್ಪತ್ರೆಯ ಬಾಗಿಲಲ್ಲೇ ಇರುತ್ತಾರೆ. ವಕೀಲರು ಹಾಗೆ ಪಾಲಿನ ಶುಲ್ಕ ಪಡೆಯುವುದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು ಮತ್ತು ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಕಚೇರಿ ಕೋರ್ಟಿನ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100.