ಬಿಸಿಲೂರಿಗೆ ಹೊಗೆಯಿಲ್ಲದ ಪರಿಮಳ

ಸೊಲ್ಲಾಪುರದಲ್ಲಿ ಪವರ್‌ಲೂಮ್ ಸದ್ದು ನಿಲ್ಲದ ಒಂದು ಓಣಿ. ಮೇ ತಿಂಗಳ ಮಧ್ಯಾಹ್ನ. ತಗಡಿನ ಮನೆಯೊಳಗೆ ಕೂತಿದ್ದ, ಎಪ್ಪತ್ತು ದಾಟಿದ ಅಜ್ಜಿ ಕಿಟಕಿಯ ಕಡೆ ಕೈ ತೋರಿಸಿ ನಕ್ಕರು. ಅಲ್ಲಿ ಗಾಜಿನ ಲೋಟದಲ್ಲಿ ಒಂದು ಸುವಾಸನೆಯ ಮೇಣದ ಬತ್ತಿ.

‘ಮೊಮ್ಮಗ ಪುಣೆದಿಂದ ತಂದಾನ್ರಿ, ಗುಲಾಬಿ ವಾಸನಿದು. ಹಚ್ಚೂಕಿಂತ ಮೊದಲ ಬೆಣ್ಣಿ ಆಗ್ಯಾದ ನೋಡ್ರಿ!’

ಮೊಮ್ಮಗ ಸುಮ್ಮನೆ ತಂದದ್ದಲ್ಲ. ಅಜ್ಜಿಗೆ ದಮ್ಮು. ಲೋಬಾನ, ಊದಿನಕಡ್ಡಿ ಎರಡನ್ನೂ ಬಿಡಿ ಎಂದು ಡಾಕ್ಟರು ಹೇಳಿದ್ದಾರೆ. ಐವತ್ತು ವರ್ಷ ದಿನಾ ಸಂಜೆ ಲೋಬಾನ ಹಾಕಿದ ಕೈ ಅದು. ‘ದೀಪಾ ಹಚ್ಚೂ ಹೊತ್ತಿನ್ಯಾಗ ಒಂದೀಟು ಸುವಾಸನಿ ಇರ್ಲಿಲ್ಲಂದ್ರ ಮನಿ ಭಣಭಣ ಅಂತದ್ರಿ’ ಎನ್ನುತ್ತಾರೆ.

ಇದು ಒಬ್ಬ ಅಜ್ಜಿಯ ಕಥೆಯಲ್ಲ. ಬಿಸಿಲ ನಾಡಿನ ಎಷ್ಟೋ ಕನ್ನಡ ಮನೆಗಳಲ್ಲಿ ಹಳೆಯ ಹೊಗೆ ಆಗದು, ಅಂಗಡಿಯ ಹೊಸ ಬತ್ತಿ ಒಗ್ಗದು. ಹಾಗಾದರೆ ಏನು ಮಾಡಬೇಕು?

ಮೇಣಕ್ಕೆ ತಂಪೂರೇ ಸರಿ

ಮೊದಲು ಮೇಣದ ಲೆಕ್ಕ ನೋಡೋಣ. ಪ್ಯಾರಾಫಿನ್ ಮೇಣ ಅದರ ತರಗತಿಗೆ ತಕ್ಕಂತೆ ಸುಮಾರು 46ರಿಂದ 68 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಲೋಟದಲ್ಲಿ ಹುಯ್ದು ಮಾರುವ ಮೇಣ ಸಾಮಾನ್ಯವಾಗಿ ಮೆದು ಜಾತಿಯದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಬೇಸಿಗೆಯಲ್ಲಿ ನೆರಳಿನ ತಾಪವೇ 40 ದಾಟುತ್ತದೆ. ತಗಡಿನ ಕೆಳಗೆ, ಬಿಸಿಲು ಬೀಳುವ ಕಿಟಕಿಯಲ್ಲಿ ಇನ್ನೂ ಹೆಚ್ಚು. ಅಲ್ಲಿಟ್ಟ ಮೇಣ ಮೆತ್ತಗಾಗುತ್ತದೆ, ಬೆರೆಸಿದ ಸುಗಂಧದ ಎಣ್ಣೆ ಬೆವರಿನಂತೆ ಮೇಲೆ ಬರುತ್ತದೆ. ಬತ್ತಿ ಬೇಕೇ ಬೇಕೆಂದರೆ ಜೇನುಮೇಣದ್ದು ಮೇಲು, ಅದು ಕರಗುವುದು 62 ಡಿಗ್ರಿಯ ಮೇಲೆಯೇ.

ಇನ್ನೊಂದು ತೊಡಕು ಫ್ಯಾನು. ಬೇಸಿಗೆಯಲ್ಲಿ ಫ್ಯಾನಿಲ್ಲದೆ ಕೂರಲಾಗದು, ಫ್ಯಾನಿನ ಕೆಳಗೆ ಜ್ವಾಲೆ ನಿಲ್ಲದು. ತೂರಾಡುವ ಜ್ವಾಲೆ ಮಸಿ ಕಾರುತ್ತದೆ. ದಮ್ಮಿನವರಿಗೆ ಈ ಮಸಿಯೂ ಹೊಗೆಯೇ. ಮೇಣದ ಬತ್ತಿ ಸುಖವಾಗಿ ಉರಿಯುವ ಗಡಿನಾಡು ಎಂದರೆ ಚಳಿಯ ನೀಲಗಿರಿ.

ಸೆಕೆಯಲ್ಲಿ ಯಾವ ವಾಸನೆಯೂ ಬೇಗ ಹಾರುತ್ತದೆ, ಮೂಗಿಗೆ ಜೋರಾಗಿ ಬಡಿಯುತ್ತದೆ. ನಿಂಬೆ, ಕಿತ್ತಳೆಯ ಹಗುರ ಪರಿಮಳ ಗಳಿಗೆಯಲ್ಲಿ ಮಾಯ. ಗಂಧ, ಲಾವಂಚದಂಥ ಭಾರದ ಪರಿಮಳ ನಿಧಾನಕ್ಕೆ ಬಿಡುತ್ತದೆ. ಆದ್ದರಿಂದ ಬಿಸಿಲೂರಿನವರು ಭಾರದ್ದನ್ನು ಆರಿಸಬೇಕು, ಅದನ್ನೂ ಸ್ವಲ್ಪವೇ ಬಳಸಬೇಕು.

ಒಂದೇ ಬೇರು, ಹಲವು ಹೆಸರು

ಲಾವಂಚ ಒಂದು ಜಾತಿಯ ಹುಲ್ಲು, ಪರಿಮಳವಿರುವುದು ಬೇರಿನಲ್ಲಿ. ನಾವು ಲಾವಂಚ ಅನ್ನುವುದಕ್ಕೆ ಸೊಲ್ಲಾಪುರದ ಪೇಟೆಯಲ್ಲಿ ವಾಳಾ ಎಂದು ಕೇಳಬೇಕು. ಆದೋನಿ, ರಾಯದುರ್ಗದ ತೆಲುಗಿನಲ್ಲಿ ಅದು ವಟ್ಟಿವೇರು, ಹೊಸೂರು, ತಾಳವಾಡಿಯ ತಮಿಳಿನಲ್ಲಿ ವೆಟ್ಟಿವೇರ್, ಕಾಸರಗೋಡಿನ ಮಲಯಾಳದಲ್ಲಿ ರಾಮಚ್ಚಂ. ಇಂಗ್ಲಿಷಿನವರ ‘ವೆಟಿವರ್’ ಕೂಡ ತಮಿಳಿನಿಂದ ಹೋದದ್ದೇ. ಗಡಿ ದಾಟಿದರೆ ಹೆಸರು ಬದಲು, ಬೇರು ಅದೇ.

ಒಣಗಿದ್ದಾಗ ಸುಮ್ಮನಿರುವ ಈ ಬೇರು ನೀರು ಬಿದ್ದೊಡನೆ ಮಳೆ ಬಿದ್ದ ಮಣ್ಣಿನಂತೆ ಘಮ್ಮೆನ್ನುತ್ತದೆ. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದರೆ ಬರುವ ಒಣಗಾಳಿ ಆ ನೀರನ್ನು ಹೀರಿ ತಂಪಾಗುತ್ತದೆ, ಪರಿಮಳವನ್ನೂ ಹೊತ್ತು ತರುತ್ತದೆ. ಕೂಲರಿನ ಹುಲ್ಲಿನ ಜೊತೆ ಒಂದು ಹಿಡಿ ಬೇರು ಸೇರಿಸಿದರೂ ಆಯಿತು. ತೊಳೆದ ಬೇರಿನ ಸಣ್ಣ ಕಟ್ಟನ್ನು ಕುಡಿಯುವ ನೀರಿನ ಗಡಿಗೆಯಲ್ಲಿ ಬಿಡುವ ರೂಢಿ ಮಹಾರಾಷ್ಟ್ರದಲ್ಲಿ ಹಳೆಯದು. ಆಗಾಗ ತೆಗೆದು ಬಿಸಿಲಿಗೆ ಒಣಗಿಸಿದರೆ ಅದೇ ಕಟ್ಟು ಮತ್ತೆ ಬಳಕೆಗೆ ಬರುತ್ತದೆ. ಕೂಲರಿನ ನೀರನ್ನು ಮಾತ್ರ ವಾರಕ್ಕೊಮ್ಮೆಯಾದರೂ ಪೂರ್ತಿ ಬರಿದು ಮಾಡಿ ಒರೆಸಬೇಕು. ಇಲ್ಲದಿದ್ದರೆ ಪರಿಮಳದ ಬೆನ್ನಿಗೆ ಡೆಂಗಿ ಸೊಳ್ಳೆಯೂ ಬರುತ್ತದೆ.

ಕಡಲ ಕಡೆ ಬೇರೆ ಲೆಕ್ಕ

ಈ ಉಪಾಯವನ್ನು ಕಾಸರಗೋಡಿನವರು ಹಾಗೇ ಮಾಡಹೋಗಬಾರದು. ಅಲ್ಲಿನ ಗಾಳಿಯೇ ತೇವ. ನೀರು ಆರದು, ತಂಪೂ ಆಗದು, ಒದ್ದೆ ತಟ್ಟಿಗೆ ಬೂಷ್ಟು ಹಿಡಿಯುತ್ತದೆ. ಅಲ್ಲಿ ಒಣ ಬೇರನ್ನೇ ತೆಳು ಬಟ್ಟೆಯಲ್ಲಿ ಕಟ್ಟಿ ಬಟ್ಟೆಯ ಕಪಾಟಿನಲ್ಲಿ ಇಡುವುದು ಸರಿ. ಮಳೆಗಾಲದ ಮುಗ್ಗಲು ವಾಸನೆಗೆ ಮೊದಲ ಮದ್ದು ತೆರೆದ ಕಿಟಕಿ, ಸುಗಂಧ ಆಮೇಲೆ.

ನೆಲ ಒರೆಸುವ ನೀರಿಗೆ ನಾಲ್ಕು ಹನಿ ನೀಲಗಿರಿ ಎಣ್ಣೆ ಬಿಡುವವರು ಎಲ್ಲ ಕಡೆ ಇದ್ದಾರೆ. ಬೆಟ್ಟದ ಹೆಸರೇ ಕನ್ನಡದಲ್ಲಿ ಮರಕ್ಕೂ ಎಣ್ಣೆಗೂ ಬಂದಿದೆ. ಆದರೆ ಹೊಟ್ಟೆಗೆ ಹೋದರೆ ಅದು ವಿಷ. ಕೂಸಿನ ಮೂಗಿಗೆ ಸವರಬಾರದು, ಸೀಸೆ ಮಕ್ಕಳ ಕೈಗೆ ಸಿಗಬಾರದು. ಕರ್ಪೂರಕ್ಕೂ ಇದೇ ಮಾತು. ದಮ್ಮಿದ್ದವರಿಗೆ ಕೆಲವೊಮ್ಮೆ ಹೊಗೆಯಿಲ್ಲದ ವಾಸನೆಯೂ ಕೆಮ್ಮು ತರುತ್ತದೆ. ಹೊಸದೇನನ್ನೇ ತಂದರೂ ಒಂದು ದಿನ ಸ್ವಲ್ಪ ಇಟ್ಟು ನೋಡಿ, ಉಸಿರು ಕಟ್ಟಿದರೆ ತೆಗೆದುಬಿಡಿ.

ಮತ್ತೆ ಆ ಓಣಿಗೆ

ನಾಲ್ಕು ದಿನ ಬಿಟ್ಟು ದೀಪ ಹಚ್ಚುವ ಹೊತ್ತಿಗೆ ಹೋದೆವು. ದೇವರ ಮುಂದೆ ಕಂಚಿನ ಬಟ್ಟಲಲ್ಲಿ ನೀರು, ಅದರಲ್ಲಿ ಒಂದು ಎಳೆ ವಾಳಾ, ಮೇಲೆ ಆಗಷ್ಟೇ ಬಿರಿಯುತ್ತಿದ್ದ ಎಂಟು ದುಂಡುಮಲ್ಲಿಗೆ. ಬೇಸಿಗೆಯೇ ಮಲ್ಲಿಗೆಯ ಕಾಲವಲ್ಲವೇ! ಅಜ್ಜಿ ಕೆಮ್ಮದೆ ಕೂತಿದ್ದರು.

ಮೇಣದ ಬತ್ತಿ ಎಲ್ಲಿ ಎಂದು ಕೇಳಿದೆವು.

‘ಟ್ರಂಕಿನ್ಯಾಗ ಇಟ್ಟೀನ್ರಿ. ಸಂಕ್ರಾಂತಿಗೆ ಸಿದ್ಧೇಶ್ವರನ ಗಡ್ಡಾ ಜಾತ್ರಿ ಬರ್ತದಲ್ಲ, ಆಗ ಥಂಡಿ ಇರ್ತದ. ಹುಡುಗ ಬಂದ್ರ ಅಂಗಳದಾಗ ಹಚ್ಚಲಿ.’

ಲೋಬಾನದ ನೆನಪು ಬರುವುದಿಲ್ಲವೇ?

ಅಜ್ಜಿ ಬಟ್ಟಲನ್ನು ಸ್ವಲ್ಪ ದೇವರ ಹತ್ತಿರ ಸರಿಸಿದರು. ‘ಬರ್ತದ್ರಿ. ಆದ್ರ ವಾಸನಿ ದೇವರಿಗೆ ಮುಟ್ಟಿದ್ರ ಸಾಕಲ್ರಿ, ಹೊಗಿ ಯಾಕ ಬೇಕು?’