ಉಸಿರ್ನಳಿಕೆಯ ಅಸ್ತರು

ಮುಂಬೈ ಬಳಿಯ ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲು ಹತ್ತಿ, ಕಂಬಕ್ಕೆ ಒರಗಿ, ಅಂಗಿ ಜೇಬಿನ ನೀಲಿ ಪಂಪನ್ನು ಎರಡು ಸಲ ಎಳೆದುಕೊಳ್ಳುವವರು ಬೆಳಗಿನ ಲೋಕಲ್ ಹೊತ್ತಿಗೆ ಆಗಾಗ ಕಣ್ಣಿಗೆ ಬೀಳುತ್ತಾರೆ. ಐದು ನಿಮಿಷದಲ್ಲಿ ಎದೆಯ ಸಿಳ್ಳೆ ತಗ್ಗುತ್ತದೆ. ಉಸಿರ್ನಳಿಕೆಯನ್ನು ಬಳೆಯಂತೆ ಸುತ್ತಿಕೊಂಡ ಸ್ನಾಯು ಬಿಗಿದಿತ್ತು, ಔಷಧ ಸಡಿಲಿಸಿತು. ದಮ್ಮಿನ ಕಥೆ ಇಷ್ಟೇ ಅಂದುಕೊಂಡಿದ್ದೇವೆ.

ಆ ಸ್ನಾಯುವಿನ ಒಳಮಗ್ಗುಲಲ್ಲಿ, ಕೋಟಿನ ಅಸ್ತರಿನಂತೆ, ಜೀವಕೋಶಗಳ ತೆಳುಪದರವೊಂದಿದೆ. ದೂಳು ಹಿಡಿದು ಕಫವನ್ನು ಮೇಲೆ ತಳ್ಳುವ ಜಾಡಮಾಲಿ ಕೆಲಸಕ್ಕಷ್ಟೇ ಅದು ಹೆಸರಾಗಿತ್ತು. 1985ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಫ್ಲಾವಹಾನ್, ವ್ಯಾನ್‌ಹೌಟ್ ಮತ್ತು ಸಂಗಡಿಗರು ನಾಯಿಯ ಉಸಿರ್ನಳಿಕೆಯನ್ನು ಉಂಗುರಗಳಾಗಿ ಕತ್ತರಿಸಿ, ಕೆಲವುಗಳ ಅಸ್ತರನ್ನು ಉಜ್ಜಿ ತೆಗೆದು ನೋಡಿದರು. ಎರಡಕ್ಕೂ ಅದೇ ಅಸಿಟೈಲ್‌ಕೋಲಿನ್, ಅದೇ ಹಿಸ್ಟಮಿನ್. ಅಸ್ತರಿಲ್ಲದ ಉಂಗುರ ಹೆಚ್ಚು ಬಿಗಿಯಿತು; ಸಡಿಲಿಸುವ ಔಷಧಕ್ಕೂ ಸುಲಭವಾಗಿ ಜಗ್ಗಲಿಲ್ಲ. ಜಾಡಮಾಲಿ ಇಷ್ಟು ದಿನ ಪಕ್ಕದ ಮನೆಯವನನ್ನೂ ಸಮಾಧಾನಪಡಿಸುತ್ತಿದ್ದ! ಪ್ರೊಸ್ಟಗ್ಲಾಂಡಿನ್ ಇ2, ನೈಟ್ರಿಕ್ ಆಕ್ಸೈಡ್‌ಗಳನ್ನು ಈ ಕೋಶಗಳು ಒಸರುತ್ತವೆ. ನರತುದಿಗಳಿಂದ ಬರುವ ಬಿಗಿಸುವ ಪೆಪ್ಟೈಡುಗಳನ್ನು ಕತ್ತರಿಸಿ ಹಾಕುತ್ತವೆ. ಏಟು ಬಿದ್ದರೆ ಅವೇ ತಿರುಗಿಬೀಳುತ್ತವೆ: ಬಿಗಿಸುವ ಎಂಡೊಥೀಲಿನ್ ಸುರಿಸಿ, ಉರಿಯೂತದ ಕೋಶಗಳನ್ನು ಕೂಗಿ ಕರೆಯುತ್ತವೆ.

ಅದೇ 1985ರಲ್ಲಿ ಅಮೆರಿಕದ ವೈದ್ಯ ಬ್ರೂಕ್ಸ್ ಮತ್ತು ಜೊತೆಗಾರರು ಇನ್ನೊಂದನ್ನು ಬರೆದರು. ಕಟುವಾದ ಅನಿಲವನ್ನು ಒಮ್ಮೆ ದಂಡಿಯಾಗಿ ಉಸಿರಾಡಿದವರಲ್ಲಿ, ಮೊದಲು ಏನೂ ಇಲ್ಲದಿದ್ದರೂ, ಒಂದು ದಿನದೊಳಗೆ ದಮ್ಮಿನಂಥ ತೊಂದರೆ ಶುರುವಾಗಿ ತಿಂಗಳುಗಟ್ಟಲೆ ಉಳಿಯುತ್ತಿತ್ತು. ಸುಟ್ಟ ಅಸ್ತರಿನ ಮೇಲೇ ಗುಮಾನಿ.

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಪಕ್ಕದಲ್ಲಿ ಸಂಸಾರ ಹೂಡಿದವರಿಗೆ ಇದು ದೂರದ ಮಾತಲ್ಲ. 2014ರ ಜನವರಿಯಲ್ಲಿ ಇಲ್ಲಿ ಹಸಿರು ಮಳೆ ಬಿತ್ತು, 2020ರ ಫೆಬ್ರವರಿಯಲ್ಲಿ ರಸ್ತೆ ಗುಲಾಬಿಯಾಯಿತು, 2016 ಮತ್ತು 2024ರ ಮೇ ತಿಂಗಳಲ್ಲಿ ರಾಸಾಯನಿಕ ಕಾರ್ಖಾನೆಗಳು ಸಿಡಿದವು. ಟಿವಿಯವರಿಗೆ ಬಣ್ಣವೇ ಬೇಕು, ಸರಿ. ಅಸ್ತರನ್ನು ಕೆರೆಯುವ ಕ್ಲೋರಿನ್, ಅಮೋನಿಯಾ, ಗಂಧಕದ ಡೈಆಕ್ಸೈಡು ಕ್ಯಾಮೆರಾಕ್ಕೆ ಸಿಗುವುದು ಅಪರೂಪ. ಇಂಥದೇ ಕಾರ್ಖಾನೆಗಳಿರುವ ನವಿ ಮುಂಬೈಯ ತಳೋಜಾ ಕಡೆಯವರನ್ನು ಕೇಳಿ, ರಾತ್ರಿ ಕಿಟಕಿ ಮುಚ್ಚುವ ಹೊತ್ತನ್ನು ಅವರು ಮೂಗಿನಿಂದಲೇ ಹೇಳುತ್ತಾರೆ.

ದಮ್ಮಿನವರಿಗೆ ನೀಲಿಯದರ ಜೊತೆ ಡಾಕ್ಟರು ಎರಡನೆಯ ಪಂಪನ್ನೂ ಬರೆದುಕೊಟ್ಟಿರುತ್ತಾರೆ, ಸ್ಟೀರಾಯ್ಡಿನದು. ಎಳೆದರೆ ತಕ್ಷಣ ಏನೂ ಅನಿಸುವುದಿಲ್ಲ, ಏಕೆಂದರೆ ಅದು ಸ್ನಾಯುವಿನ ತಂಟೆಗೆ ಹೋಗದೆ ಅಸ್ತರಿನ ಉರಿಯನ್ನು ದಿನಗಟ್ಟಲೆ ಆರಿಸುತ್ತದೆ. ಹಾಗಾಗಿಯೇ ನೀಲಿಯದು ಜೇಬಿನಲ್ಲಿ ಲೋಕಲ್ ಹತ್ತುತ್ತದೆ, ಇದು ಸೀಲು ಕೂಡ ಒಡೆಯದೆ ಕಪಾಟಿನಲ್ಲಿ ಅವಧಿ ಮುಗಿಸುತ್ತದೆ.